ಹಿಂಸಾನಿವಾರಣೆಯ ಶೋಧನೆಗೆ ದ್ರವ್ಯಸಹಾಯ
(ಜಕ್ಕಲಿಯಲ್ಲಿ ಮಾಡಿದ ಉಪನ್ಯಾಸ)



ಹಸಿದವರಿಗೆ ಅನ್ನವಿಕ್ಕುವದೂ ಓದುವ ಮಕ್ಕಳಿಗೆ ಆಶ್ರಯ ಕೊಡುವದೂ ದಾಸೋಹವೆಂಬುದನ್ನು ತಮಗೆ ಯಾರೂ ಹೇಳಿಕೊಡಬೇಕಾದುದಿಲ್ಲ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆ. ಎಲ್. ಇ. ಸಂಸ್ಥೆಯನ್ನು ಕಟ್ಟಿದರು. ಅಂಥ ದಾನಗಳ ಫಲವು ಕಣ್ಣಿಗೆ ಕಾಣುತ್ತದೆ. ನಾನು ಇಂದು ಬೇಡುವ ದಾನದ ಫಲವಾದರೋ ಕಾಣುವಂಥದಲ್ಲ. ಬೀಳದೆ ಉಳಿದ ಪೆಟ್ಟನ್ನು ಕಂಡವರಾರು? ಮನುಷ್ಯನು ಮನುಷ್ಯನ ಮೇಲೆ ಕೈಯೆತ್ತದಂತೆ ಮಾಡುವ ಉಪಾಯವನ್ನು ಶೋಧಿಸುವ ಕಾರ್ಯಕ್ಕೆ ನಾನು ನೆರವನ್ನು ಬೇಡುತ್ತಿದ್ದೇನೆ.

ಈ ಶೋಧನೆಯ ಅವಶ್ಯಕತೆಯೇನೆಂದು ತಾವು ಕೇಳಬಹುದು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಪತಿಯಿಂದ ಹಿಂಸೆಗೆ ಗುರಿಯಾದೆವೆಂದು ಹೇಳಿದ ಸ್ತ್ರೀಯರು ಕರ್ನಾಟಕದಲ್ಲಿ ನೂರಕ್ಕೆ ಸುಮಾರು 21. 2019-20ರ ಸಮೀಕ್ಷೆಯಲ್ಲಿ ಅದು 44ಕ್ಕೇರಿತು. ಹಿಂಸೆಯೇ ಹೆಚ್ಚಿತೋ, ಮುಚ್ಚಿಟ್ಟುದನ್ನು ಹೇಳುವ ಧೈರ್ಯವು ಹೆಚ್ಚಿತೋ? ಅಂಕಿಯು ತಾನಾಗಿ ಉತ್ತರ ಕೊಡದು. ತಾಯಿಯು ಪೆಟ್ಟು ತಿನ್ನುವದನ್ನು ಕಂಡು ಬೆಳೆದ ಬಾಲಕನು ತಾರುಣ್ಯದಲ್ಲಿ ತಾನೂ ಕೈಮಾಡುವ ಸಂಭವವು ಹೆಚ್ಚೆಂದು ನಾನಾ ದೇಶಗಳ ಪರಿಶೀಲನೆಗಳು ತೋರಿಸಿವೆ. ಆದರೂ ಎಲ್ಲರೂ ಹಾಗಾಗುವದಿಲ್ಲ. ಹಾಗಾಗದವರನ್ನು ಕಾಪಾಡಿದುದು ಯಾವುದು? ಅದನ್ನು ಅರಿತರೆ ಉಳಿದವರನ್ನೂ ಕಾಪಾಡಬಹುದಷ್ಟೆ. ಹಿಂಸೆಯು ಪೋಲೀಸರ ಕೆಲಸ ಮಾತ್ರವಲ್ಲ, ರೋಗದಂತೆ ಕಾರಣವನ್ನು ಹುಡುಕಿ ತಡೆಯತಕ್ಕದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2002ರ ತನ್ನ ವರದಿಯಲ್ಲಿ ಸಾರಿದುದು ಇದೇ ಅರ್ಥದಿಂದ.

ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇಂಥ ಒಂದು ಶೋಧನೆ ನಡೆಯಿತು. 2014ರ ನಂತರದ ವರ್ಷಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಶನ್ ಟ್ರಸ್ಟಿನವರು 47 ಹಳ್ಳಿಗಳಲ್ಲಿ, ಸಮಾಜವು ಹೊರಗಿಟ್ಟ ಲೈಂಗಿಕ ವೃತ್ತಿಯ ಸ್ತ್ರೀಯರ ಮೇಲೆ ಅವರ ಸಂಗಾತಿಗಳು ನಡೆಸುವ ಹಿಂಸೆಯನ್ನು ತಡೆಯಲು ಯತ್ನಿಸಿದರು. ಎರೆಹೊಲದ ರೈತನು ಹೊಸ ಬೀಜವನ್ನು ನಾಲ್ಕು ಸಾಲು ಬಿತ್ತಿ ಪಕ್ಕದ ಹಳೆಯ ಬೀಜದ ಸಾಲಿಗೆ ಹೋಲಿಸಿ ನೋಡುವಂತೆ, ಕೆಲವು ಹಳ್ಳಿಗಳಲ್ಲಿ ಕಾರ್ಯ ನಡೆಯಿಸಿ, ಉಳಿದವುಗಳೊಡನೆ ಹೋಲಿಸಿದರು. ಪರಿಣಾಮವೇನು? ಹೊಡೆತವು ಕಡಿಮೆಯಾಯಿತೆಂದು ಸಿದ್ಧವಾಗಲಿಲ್ಲ. ಆದರೆ ಹೊಡೆತವನ್ನು ಸಹಜವೆಂದು ಒಪ್ಪುವ ಭಾವನೆಯು ತಗ್ಗಿತು. ನೋವನ್ನು ಮತ್ತೊಬ್ಬರಿಗೆ ಹೇಳಿಕೊಳ್ಳುವವರು ಹೆಚ್ಚಿದರು. ಅವರು ಇದನ್ನು ಮರೆಮಾಚದೆ ಪ್ರಕಟಿಸಿದರು.

ಹಣವು ವ್ಯರ್ಥವಾಯಿತೆಂದು ಕೆಲವರು ಅನ್ನಬಹುದು. ಹಾಗಲ್ಲ. ಮೊಳೆಯದ ಬೀಜವನ್ನು ನಾಲ್ಕು ಸಾಲಿನಲ್ಲಿಯೇ ಅರಿತ ರೈತನು ಇಡೀ ಹೊಲವನ್ನು ಉಳಿಸಿಕೊಂಡನು. ಸ್ತ್ರೀಯ ಧೈರ್ಯವೊಂದೇ ಸಾಲದು, ಗಂಡಸಿನ ಮನಸ್ಸೂ ಊರಿನ ಮರ್ಯಾದೆಯೂ ಬದಲಾಗಬೇಕೆಂಬುದರ ಕಡೆಗೆ ಆ ಫಲವು ಬೊಟ್ಟು ಮಾಡುತ್ತದೆ. ನಾವು ನಾಚಬೇಕಾದ ಸಂಗತಿಯು ಬೇರೊಂದುಂಟು: ನಮ್ಮ ನೆರೆಮನೆಯ ಕಣ್ಣೀರಿನ ಕಾರಣವನ್ನು ಹುಡುಕಲು ಹಣವು ಬಂದುದು ಬ್ರಿಟನ್ನಿನ ಸರಕಾರದಿಂದ. ಆ ಹಣ ಕೊಟ್ಟ ಇಲಾಖೆಯೂ 2020ರಲ್ಲಿ ಮತ್ತೊಂದರಲ್ಲಿ ವಿಲೀನವಾಯಿತು. ಪರರ ಬೊಕ್ಕಸವನ್ನು ನಂಬಿದ ಶೋಧನೆಯು ಎಷ್ಟು ಕಾಲ ನಡೆದೀತು?

ಆದುದರಿಂದ ಈ ಮಹೋತ್ಸವದ ನಿಧಿಯಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡಬೇಕೆಂದು ಬಿನ್ನಹ. ಅದರೊಡನೆ ಮೂರು ಕಟ್ಟಳೆಗಳಿರಲಿ: ನೊಂದವರ ಹೆಸರು ಹೊರಬೀಳಕೂಡದು, ಫಲವು ಅನುಕೂಲವಿರಲಿ ಪ್ರತಿಕೂಲವಿರಲಿ ಪ್ರಕಟವಾಗತಕ್ಕದ್ದು, ಒಂದೆರಡು ವರ್ಷಗಳಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡಕೂಡದು. ಈ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಕರ್ನಾಟಕದ ಏಕೀಕರಣಕ್ಕಾಗಿ ದುಡಿದರು. 1956ರ ನವೆಂಬರ 1ನೆಯ ದಿನವು ಒಂದೆರಡು ವರ್ಷಗಳ ದುಡಿಮೆಯಿಂದ ಬಂದುದಲ್ಲ. ಕಾದು ದುಡಿಯುವದು ಈ ಊರಿಗೆ ಹೊಸದಲ್ಲ.

ಪೆಟ್ಟು ಬಿದ್ದ ಮೇಲೆ ಆಸ್ಪತ್ರೆಗೂ ಕೋರ್ಟಿಗೂ ಸುರಿಯುವ ಹಣದಲ್ಲಿ ಅಲ್ಪಾಂಶವನ್ನು ಪೆಟ್ಟು ಬೀಳುವ ಮೊದಲೇ ವೆಚ್ಚಮಾಡೋಣ. ನಮಗೆ ಗುರುತಿಲ್ಲದ ಯಾವಳೋ ಒಬ್ಬ ತಾಯಿಯು, ಯಾವನೋ ಒಬ್ಬ ತರುಣನು, ಯಾಕೆಂದರಿಯದೆಯೇ ಸುಖವಾಗಿರುವರು. ಆ ದಾಸೋಹಕ್ಕೆ ತಾವೆಲ್ಲರೂ ಮನಸ್ಸು ಮಾಡಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.