ಶಾಲೆಯಿಂದ ಸರಕಾರ ತೊಲಗಬೇಕೆ?
(ಯಲಹಂಕದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಸಮಾಜವಾದಿಗಳ ಶಿಬಿರದಲ್ಲಿ ವಿರೋಧಿಯೊಬ್ಬರ ಜೀವನವನ್ನು ಹೇಳಹೊರಟಿದ್ದೇವೆ. ಎದುರಾಳಿಯ ವಾದವನ್ನು ಅದರ ಬಲವಾದ ಕಡೆಯಿಂದ ತಿಳಿಯದೆ ಜನರಿಗೆ ಉತ್ತರ ಹೇಳಲಾಗದು.

ಅಮೆರಿಕದ ಮಾರ್ಷಲ್ ಫ್ರಿಟ್ಜ್ ಅವರು ಸರಕಾರದ ಕೈ ಎಷ್ಟು ಗಿಡ್ಡವೋ ಅಷ್ಟು ಮೇಲೆನ್ನುವ ಪಂಥದವರು. 1985ರಲ್ಲಿ ಆ ಪಂಥದ ಪ್ರಚಾರಕ್ಕೆ ಸಂಸ್ಥೆ ಕಟ್ಟಿದರು. ಹತ್ತೇ ಪ್ರಶ್ನೆಗಳಲ್ಲಿ ಮನುಷ್ಯನ ರಾಜಕೀಯವನ್ನು ಅಳೆಯುವ ಚೀಟಿ ಹಂಚಿದರು. (ನಾವು ಹಂಚುವುದು ಹತ್ತು ಪುಟದ ಗೊತ್ತುವಳಿ!) 1994ರಲ್ಲಿ ಅವರದು ಇನ್ನೊಂದು ಕೂಟ: ಧರ್ಮದಿಂದ ಪ್ರಭುತ್ವ ದೂರವಿರುವಂತೆ ಶಾಲೆಯಿಂದಲೂ ದೂರವಿರಲಿ ಎಂಬುದು ಅದರ ಬೇಡಿಕೆ. ಶಾಲೆಯನ್ನು ಆರಿಸಿಕೊಳ್ಳಲು ಸರಕಾರವೇ ಪೋಷಕರಿಗೆ ಹಣದ ಚೀಟಿ ಕೊಡಲಿ ಎಂದು ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಬರೆದಿದ್ದರು. ಫ್ರಿಟ್ಜ್ ಅದನ್ನೂ ಒಪ್ಪಲಿಲ್ಲ. ಸರಕಾರದ ಹಣದ ಹಿಂದೆಯೇ ಸರಕಾರದ ಹತೋಟಿ ಬರುವುದೆಂದರು. 2008ರಲ್ಲಿ ತೀರಿಕೊಳ್ಳುವವರೆಗೂ ಹಟ ಬಿಡಲಿಲ್ಲ. ಪ್ರಾಮಾಣಿಕ ಮನುಷ್ಯರೆಂದೇ ನಮ್ಮ ಭಾವನೆ.

ಅದೇ 1994ರ ಏಪ್ರಿಲ್‌ನಲ್ಲಿ ಕರ್ನಾಟಕ ಸರಕಾರ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂದು ಆಜ್ಞೆ ಹೊರಡಿಸಿತು. ಖಾಸಗಿ ಶಾಲೆಗಳ ಆಡಳಿತದವರು ಕೋರ್ಟಿಗೆ ಹೋದರು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸರಕಾರ ಹಾಗೆ ಹೇರಲಾಗದು, ಆಯ್ಕೆ ಪೋಷಕರದು ಎಂದಿತು. ಫ್ರಿಟ್ಜ್ ಬದುಕಿದ್ದರೆ ಮೆಚ್ಚುತ್ತಿದ್ದರೇನೋ.

ಆದರೆ ಯಾರ ಆಯ್ಕೆ? ಹೆಬ್ಬಾಳದಾಚೆ ಕಟ್ಟಡ ಏಳುವಾಗ ಗಾರೆ ಹೊರುವ ತಾಯಿ, ಕೆಲಸ ಮುಗಿದೊಡನೆ ತಗಡಿನ ಶೆಡ್ಡು ಕಿತ್ತು ಮುಂದಿನ ಊರಿಗೆ ಹೋಗುವಳು. ಅವಳ ಮಗುವಿಗೆ ಸರಕಾರಿ ಶಾಲೆ ಮುಚ್ಚಿದರೆ ತೆರೆದಿರುವ ಬಾಗಿಲು ಯಾವುದು? 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಯಲ್ಲಿ ಶೇ. 25 ಸ್ಥಾನವನ್ನು ಬಡವರಿಗೂ ಹಿಂದುಳಿದವರಿಗೂ ಇಟ್ಟಿತು. ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಈ ಹೊಣೆಯಿಲ್ಲವೆಂದು ನಮ್ಮ ರಾಜ್ಯ 2019–20ನೇ ಸಾಲಿನಿಂದ ನಿಯಮ ಬದಲಿಸಿತು. ಅದು ಸರಕಾರಿ ಶಾಲೆಯನ್ನು ಉಳಿಸಲೆಂದೇ ಆಗಿದ್ದರೆ, ಅದಕ್ಕೆ ತಕ್ಕ ಹಣ, ಮೇಷ್ಟ್ರು ಎಲ್ಲಿ? ಬಡವರ ಮಗು ಒಂದು ಕಡೆ, ಉಳ್ಳವರ ಮಗು ಇನ್ನೊಂದು ಕಡೆ. ಈ ಗೋಡೆ ಒಡೆಯಲೆಂದೇ ಯು. ಆರ್. ಅನಂತಮೂರ್ತಿಯವರು ಸಮಾನ ಶಾಲೆಯನ್ನು ಕೇಳಿದ್ದು.

ಆದರೂ ಫ್ರಿಟ್ಜ್‌ರ ಒಂದು ದೂರು ನಮಗೆ ತಟ್ಟಬೇಕು. ಅಧಿಕಾರಿಗಳ ಶಾಲೆಯಲ್ಲಿ ತಂದೆತಾಯಿಗಳು ಪರಕೀಯರು. 2001ರಿಂದ ನಮ್ಮಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಅವುಗಳಲ್ಲಿ ಪೋಷಕರೇ ಸದಸ್ಯರು. ನಮ್ಮ ಎಷ್ಟು ಮಂದಿ ಕಾರ್ಯಕರ್ತರು ಆ ಸಭೆಯ ಜಮಖಾನೆಯ ಮೇಲೆ ಕೂತಿದ್ದೀರಿ? ಮುಂದಿನ ಸಭೆಗೆ ಹೋಗಿ. ಖಾಲಿ ಹುದ್ದೆ ಎಷ್ಟು, ಶೌಚಾಲಯಕ್ಕೆ ನೀರಿದೆಯೆ ಎಂದು ಕೇಳಿ, ಉತ್ತರವನ್ನು ಬರೆದು ಈ ಪತ್ರಿಕೆಗೆ ಕಳಿಸಿ.