ಹಿಡಿದಿಟ್ಟ ಚಿತ್ರ, ಕಳೆದುಹೋದ ಚಿತ್ರ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಸಂಬಳ, ಬೋನಸಿನ ಮಾತಲ್ಲ. ನಮ್ಮ ಖೋಲಿಗಳ ಮಾಡಿನ ಮೇಲೆ ಕುಳಿತಿರುವ ತಟ್ಟೆಯ ಮಾತು. ಅದರಿಂದ ಇಳಿದು ಬರುವ ಕಾರ್ಯಕ್ರಮಗಳನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ, ಕಾಪಾಡುವುದು ಹೇಗೆ ಎಂಬ ಮಾತು. ಇದಕ್ಕೂ ಒಂದು ಭಾಷಣವೇ ಎಂದು ಕೆಲವರು ನಗಬಹುದು. ನಗುವ ಮೊದಲು ನಮ್ಮ ಖೋಲಿಯಲ್ಲಿ ನಡೆದುದನ್ನು ಕೇಳಿರಿ.

ನಮ್ಮ ಜೊತೆಗಿರುವ ಅಡುಗೆ ಭಟ್ಟರ ತಂದೆ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರಾಗಿದ್ದವರು. ಒಂದು ರಾತ್ರಿ ಅವರ ಮೇಳದ ಆಟ ಟಿ.ವಿ.ಯಲ್ಲಿ ಬಂತು. ಭಟ್ಟರು ಪಾಳಿಯಲ್ಲಿ ಒಲೆಯ ಮುಂದೆ ನಿಂತಿದ್ದರು. ಅವರಿಗಾಗಿ ನಾವು ಗುಂಡಿ ಒತ್ತಿ ಆಟವನ್ನು ಹಾರ್ಡ್ ಡಿಸ್ಕಿಗೆ ಇಳಿಸಿದೆವು. ಮರುವರ್ಷ ಮುದುಕರು ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಎರಡು ಫೋಟೋ. ಅವರ ಕೈ ಆಡುವುದು, ತಲೆ ತೂಗುವುದು ಕಾಣುತ್ತಿದ್ದುದು ಆ ರೆಕಾರ್ಡಿಂಗಿನಲ್ಲಿ ಮಾತ್ರ. ಆಮೇಲೆ ಪೆಟ್ಟಿಗೆ ಕೆಟ್ಟಿತು. ಕಂಪೆನಿಯವರು ಹೊಸದನ್ನು ಕೊಟ್ಟು ಹಳೆಯದನ್ನು ಒಯ್ದರು. ಡಿಸ್ಕ್ ನಮ್ಮಲ್ಲೇ ಇದೆಯಲ್ಲ ಎಂದು ಹೊಸ ಪೆಟ್ಟಿಗೆಗೆ ಸಿಕ್ಕಿಸಿದರೆ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಭಟ್ಟರು ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡು, "ಅಪ್ಪಯ್ಯ ಇದರೊಳಗೇ ಇದ್ದಾರೆ, ಅಲ್ವಾ?" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಆಮೇಲೆ ತಿಳಿಯಿತು. ಹಣ ಕಟ್ಟಿ ನೋಡುವ ವಾಹಿನಿಗಳ ಪೆಟ್ಟಿಗೆ ಸಾಮಾನ್ಯವಾಗಿ ಬೀಗ ಹಾಕಿಯೇ ಬರೆಯುತ್ತದೆ. ಬೀಗದ ಕೈ ಇರುವುದು ಆ ಒಂದೇ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಹೋದರೆ ಡಿಸ್ಕ್ ತುಂಬ ಸರಕಿದ್ದರೂ ಬಾಗಿಲಿಲ್ಲದ ಉಗ್ರಾಣ. ಡಿಸ್ಕಿಗೆ ಹಣ ಕೊಟ್ಟವರು ನಾವು, ಕರೆಂಟಿನ ಬಿಲ್ಲು ಕಟ್ಟಿದವರು ನಾವು, ಯಜಮಾನಿಕೆ ಮಾತ್ರ ಬೇರೆಯವರದು. ಈ ರೀತಿ ನಮಗೇನೂ ಹೊಸದಲ್ಲ, ಬಿಡಿ.

ತಿಂಗಳ ಬಾಡಿಗೆಯಿಲ್ಲದ ದಾರಿಯೂ ಇದೆ. ದೂರದರ್ಶನದ ಉಚಿತ ತಟ್ಟೆ 2004ರ ಡಿಸೆಂಬರಿನಲ್ಲಿ ಆರಂಭವಾಯಿತು. ಈಗ ಅದಕ್ಕೆ ಫ್ರೀ ಡಿಶ್ ಎನ್ನುತ್ತಾರೆ. ನಮ್ಮ ಚಂದನ ವಾಹಿನಿಯೂ ಅದರಲ್ಲಿದೆ. ಬೀಗವಿಲ್ಲದ ವಾಹಿನಿಗಳನ್ನು ಬೀಗವಿಲ್ಲದೆಯೇ ಪೆನ್ ಡ್ರೈವಿಗೆ ಬರೆಯುವ ಪೆಟ್ಟಿಗೆಗಳು ಪೇಟೆಯಲ್ಲಿವೆ. ಅಂಗಡಿಯವನ ಮಾತು ನಂಬಬೇಡಿರಿ. ಐದು ನಿಮಿಷ ರೆಕಾರ್ಡ್ ಮಾಡಿಸಿ, ಆ ಪೆನ್ ಡ್ರೈವನ್ನು ಯಾವುದಾದರೂ ಕಂಪ್ಯೂಟರಿನಲ್ಲಿ ಹಾಕಿ ನೋಡಿರಿ. ಚಿತ್ರ ಓಡಿದರೆ ದುಡ್ಡು ಎಣಿಸಿರಿ.

ಹೀಗೆ ಬರೆದ ಕಡತದ ಹೆಸರಿನ ಕೊನೆಗೆ ಹೆಚ್ಚಾಗಿ ಟಿ.ಎಸ್. ಎಂದಿರುತ್ತದೆ. ಪ್ರಸಾರವನ್ನು 188 ಬೈಟುಗಳ ಪುಟ್ಟ ಪುಟ್ಟ ಪೊಟ್ಟಣಗಳಾಗಿ ಕಟ್ಟಿ ಕಳಿಸುತ್ತಾರೆ; ಪೆಟ್ಟಿಗೆ ಅವನ್ನೇ ಸಾಲಾಗಿ ಜೋಡಿಸಿಡುತ್ತದೆ. ಆದ್ದರಿಂದ ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಸಾಮಾನ್ಯವಾಗಿ ಉಳಿಯುತ್ತದೆ. ಮುಂಬಯಿಯ ಮಳೆ ಜಡಿದಾಗ ಮಾತ್ರ ಪೊಟ್ಟಣಗಳೇ ತಲಪುವುದಿಲ್ಲ, ಚಿತ್ರ ಚೂರುಚೂರಾಗುತ್ತದೆ. ಅದಕ್ಕೆ ಯಾರೂ ಮದ್ದು ಕಂಡುಹಿಡಿದಿಲ್ಲ, ಮರುಪ್ರಸಾರ ಕಾಯಬೇಕು.

ಲೆಕ್ಕ ಕೇಳಿರಿ. ಸೆಕೆಂಡಿಗೆ 4 ಮೆಗಾಬಿಟ್ಟಿನಂತೆ ಬಂದರೆ ಗಂಟೆಗೆ 1.8 ಜಿ.ಬಿ. ಆಗುತ್ತದೆ. 1 ಟಿ.ಬಿ. ಡಿಸ್ಕಿನಲ್ಲಿ 500 ಗಂಟೆಗೂ ಮೇಲೆ ಹಿಡಿಸುತ್ತದೆ. ಆದರೆ ಅನೇಕ ಪೆಟ್ಟಿಗೆಗಳು ಕೇಳುವ ಫ್ಯಾಟ್ 32 ಎಂಬ ಹಳೆಯ ಪದ್ಧತಿಯಲ್ಲಿ ಒಂದು ಕಡತ 4 ಜಿ.ಬಿ. ದಾಟುವಂತಿಲ್ಲ. ಎರಡು ಗಂಟೆ ಕಳೆಯುತ್ತಲೇ ಆಟ ತುಂಡಾಗಿ ಇನ್ನೊಂದು ಕಡತ ಹುಟ್ಟುತ್ತದೆ. ಎರಡನೆಯ ತುಂಡನ್ನು ಕಸವೆಂದು ಅಳಿಸಿದವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಇನ್ನೊಂದು ಜಗಳದ ವಿಷಯ. ಅಗ್ಗದ ಪೆಟ್ಟಿಗೆಗೆ ಕಿವಿ ಒಂದೇ. ಒಂದು ವಾಹಿನಿ ಬರೆಯುತ್ತಿರುವಾಗ ಮತ್ತೊಂದಕ್ಕೆ ತಿರುಗಿಸಿದರೆ ಬರವಣಿಗೆ ನಿಲ್ಲಬಹುದು. ಹನ್ನೆರಡು ಮಂದಿಯ ಖೋಲಿಯಲ್ಲಿ ಕ್ರಿಕೆಟ್ಟಿಗೂ ತಾಳಮದ್ದಳೆಗೂ ಯುದ್ಧವಾಗುವುದು ಇಲ್ಲಿಯೇ. ಪಾಳಿಯ ಹಾಗೆ ಇದನ್ನೂ ಗೋಡೆಯ ಮೇಲೆ ಬರೆದು ಹಾಕಿರಿ. ಟೈಮರನ್ನು ಐದು ನಿಮಿಷ ಮುಂಚೆ ಇಟ್ಟು ಹತ್ತು ನಿಮಿಷ ತಡವಾಗಿ ಮುಗಿಸಿರಿ.

ಹಿಡಿದದ್ದು ಅರ್ಧ ಕೆಲಸ. ಹೆಸರಿಡದ ನೂರು ಕಡತಗಳಿಗೂ ಚೀಟಿಯಿಲ್ಲದ ನೂರು ಡಬ್ಬಿಗಳಿಗೂ ಭೇದವಿಲ್ಲ. ಸಕ್ಕರೆಯೆಂದು ಉಪ್ಪಿಗೆ ಕೈ ಹಾಕುತ್ತೇವೆ. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ವಾಹಿನಿ, ಕಾರ್ಯಕ್ರಮ ಎಂದು ಹೆಸರಿಟ್ಟರೆ ಕಂಪ್ಯೂಟರು ತಾನಾಗಿಯೇ ಸಾಲು ಕಟ್ಟುತ್ತದೆ. ಮೂಲ ಕಡತ ಹಾಗೆಯೇ ಇರಲಿ; ಫೋನಿಗೆ ಬೇಕಾದರೆ ಸಣ್ಣ ಪ್ರತಿ ಬೇರೆ ಮಾಡಿಕೊಳ್ಳಿರಿ. ಪೆನ್ ಡ್ರೈವು ಸಾಗಿಸುವ ತಟ್ಟೆ, ಉಗ್ರಾಣವಲ್ಲ. ಕರೆಂಟು ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಬರೆದದ್ದು ಮಾಸಬಹುದು. ಎರಡು ಡಿಸ್ಕಿರಲಿ, ಒಂದು ಇಲ್ಲಿ, ಒಂದು ಊರ ಮನೆಯಲ್ಲಿ. ರಜೆಗೆ ಹೋದಾಗ ಓಡಿಸಿ ನೋಡಿರಿ.

ದೊಡ್ಡವರು ಕಾಪಾಡುತ್ತಾರೆ ಎನ್ನುವಿರಾ? ಇಂಗ್ಲೆಂಡಿನ ಬಿ.ಬಿ.ಸಿ.ಯೇ 1960, 70ರ ದಶಕಗಳಲ್ಲಿ ಎಷ್ಟೋ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ, ಹಿಂದೆ ಗ್ರಂಥಾಲಯದಲ್ಲಿ ದುಡಿದವರು, 1970ರ ದಶಕದ ಕೊನೆಯಿಂದ 2012ರಲ್ಲಿ ಸಾಯುವವರೆಗೂ ಟಿ.ವಿ. ಸುದ್ದಿಯನ್ನು ಹಗಲೂ ರಾತ್ರಿ ಟೇಪು ಮಾಡಿದರು. ಸುಮಾರು 70,000 ಟೇಪು! ಈಗ ಅವು ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಕೈಯಲ್ಲಿವೆ. ಆಕೆಗೆ ಹಣವಿತ್ತು, ಜಾಗವಿತ್ತು. ನಮಗೆ ಟ್ರಂಕಿನ ಒಂದು ಮೂಲೆ ಸಾಕು.

ಕಾಯದೆಯ ಮಾತನ್ನೂ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯದೆಯಲ್ಲಿ, ಹಿಡಿದವನು ತನ್ನ ಖಾಸಗಿ ಬಳಕೆಗೆ ಪ್ರಸಾರವನ್ನು ಹಿಡಿದಿಟ್ಟುಕೊಳ್ಳಲು ಅವಕಾಶವಿದೆ. ಟಿಕೆಟಿಟ್ಟು ತೋರಿಸುವುದು, ಪ್ರತಿ ಮಾಡಿ ಮಾರುವುದು, ಯೂಟ್ಯೂಬಿಗೆ ಏರಿಸುವುದು ಬೇರೆ ಮಾತು. ಅದಕ್ಕೇ ಡಿಸ್ಕುಗಳು ಅವರವರಲ್ಲೇ ಇರಲಿ. ಸಂಘ ಇಡುವುದು ಒಂದು ಖಾತೆ ಪುಸ್ತಕ ಮಾತ್ರ: ಯಾರ ಬಳಿ, ಯಾವ ದಿನದ, ಯಾವ ಕಾರ್ಯಕ್ರಮ ಇದೆಯೆಂದು. ಭಟ್ಟರ ತಂದೆಯವರ ಆಟವನ್ನು ಆ ರಾತ್ರಿ ಇನ್ನೊಂದು ಖೋಲಿಯಲ್ಲಿ ಯಾರಾದರೂ ಬೀಗವಿಲ್ಲದ ಪೆಟ್ಟಿಗೆಯಲ್ಲಿ ಹಿಡಿದಿದ್ದರೋ ಏನೋ. ಖಾತೆಯಿಲ್ಲದೆ ಕೇಳುವುದು ಯಾರನ್ನು?

ಬರುವ ಭಾನುವಾರ ಮಧ್ಯಾಹ್ನ ಮೂರರಿಂದ ಐದು, ಗಿರಾಕಿ ಕಡಿಮೆಯಿರುವ ಹೊತ್ತು, ಸಂಘದ ಕಚೇರಿಗೆ ನಿಮ್ಮ ಪಟ್ಟಿ ತನ್ನಿರಿ. ಕೈಬರಹವಾದರೂ ಸರಿ. ಗಿರಣಿಯ ಹಿರಿಯರಲ್ಲಿ ಹಳೆಯ ವೀಡಿಯೋ ಕ್ಯಾಸೆಟ್ಟುಗಳಿದ್ದರೆ ಅವನ್ನೂ ಬರೆಸಿರಿ. ಪುಸ್ತಕಕ್ಕೆ ಗೆರೆ ಎಳೆದು ಮುಗಿದಿದೆ. ಬರೆದುಕೊಳ್ಳಲು ಭಟ್ಟರೇ ಕೂರುತ್ತಾರೆ.