ಓಪನಿಂಗ್ ಬ್ಯಾಲೆನ್ಸ್ ಬರೆಯದೆ ಪ್ರಾಜೆಕ್ಟ್ ಶುರು ಮಾಡಿದ್ರೆ? ವೀರಪ್ಪನ್ ನಂತರದ ಕೊಳ್ಳೇಗಾಲ, ಹನೂರು, ಯಳಂದೂರು

ಇವತ್ತಿನ ಎಪಿಸೋಡ್ ಸ್ವಲ್ಪ ಲೆಕ್ಕಾಚಾರದ್ದು. ಆದ್ರೆ ಹೆದರಬೇಡಿ, ಬಿ.ಕಾಂ ಮೊದಲ ವರ್ಷದ ಲೆಕ್ಕ ಅಷ್ಟೇ.

ಗಲಾಟೆ, ಗುಂಡು, ಭಯ ಎಲ್ಲಾ ಮುಗಿದ ಮೇಲೆ ಒಂದು ಊರನ್ನ ಮತ್ತೆ ಕಟ್ಟೋಕೆ ಸರ್ಕಾರ, ಎನ್‌ಜಿಒ, ಕಂಪನಿಗಳು ಯೋಜನೆ ತರ್ತಾವೆ. ಆ ಯೋಜನೆ ನಡೆಯುತ್ತಾ, ಇಲ್ಲಾ ಉದ್ಘಾಟನೆ ಫೋಟೋಗೇ ಮುಗಿಯುತ್ತಾ? ಅದನ್ನ ಮೊದಲೇ ಅಳೆಯೋದು ಹೇಗೆ? ಇವತ್ತಿನ ಪ್ರಶ್ನೆ ಇದು.

ಇಂಥ ಊರು ಅಂದ ತಕ್ಷಣ ನಮಗೆ ಸಿರಿಯಾ, ಬೋಸ್ನಿಯಾ ನೆನಪಾಗುತ್ತೆ. ಬೋಸ್ನಿಯಾದ ಮೋಸ್ತಾರ್ ಊರನ್ನೇ ತಗೊಳ್ಳಿ. ಅಲ್ಲಿನ ಹಳೇ ಕಲ್ಲಿನ ಸೇತುವೆ 1993ರ ಯುದ್ಧದಲ್ಲಿ ಬಿತ್ತು. ಜಗತ್ತಿನ ದುಡ್ಡು ಬಂತು, 2004ರ ಜುಲೈನಲ್ಲಿ ಸೇತುವೆ ಮತ್ತೆ ಎದ್ದು ನಿಂತಿತು. ಆದ್ರೆ ಅದೇ ಊರಲ್ಲಿ ಒಂದೇ ಶಾಲಾ ಕಟ್ಟಡದೊಳಗೆ ಎರಡು ಸಮುದಾಯದ ಮಕ್ಕಳು ಬೇರೆ ಬೇರೆ ಪಠ್ಯ ಓದೋದು ಮುಂದುವರಿಯಿತು. ಕಲ್ಲು ಸೇರಿತು, ಜನ ಸೇರಲಿಲ್ಲ.

ಅದೇ 2004ರ ಅಕ್ಟೋಬರ್ 18ರ ರಾತ್ರಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಹತ್ತಿರ ವೀರಪ್ಪನ್ ಹತನಾದ. ನಮ್ಮ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಊರುಗಳಿಗೆ 'ನಂತರ' ಅನ್ನೋ ಕಾಲ ಶುರುವಾಗಿದ್ದು ಅವತ್ತು. ಈಗಿನ ಹನೂರು ತಾಲ್ಲೂಕು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು, ಅದಕ್ಕೇ ಹಳೇ ಸುದ್ದಿಗಳಲ್ಲಿ ಎಲ್ಲಾ ಕಡೆ 'ಕೊಳ್ಳೇಗಾಲ ತಾಲ್ಲೂಕು' ಅಂತಲೇ ಇರುತ್ತೆ. ಇಲ್ಲಿ ನಡೆದಿದ್ದು ಯುದ್ಧ ಅಂತ ಯಾರೂ ಘೋಷಿಸಿರಲಿಲ್ಲ. ಆದ್ರೆ ಹದಿನಾಲ್ಕು ವರ್ಷ ಕಾಡಲ್ಲಿ ವೀರಪ್ಪನ್ ಗುಂಪು, ರಸ್ತೆಯಲ್ಲಿ ವಿಶೇಷ ಕಾರ್ಯಪಡೆ ಅಂದ್ರೆ ಎಸ್‌ಟಿಎಫ್, ಮಧ್ಯದಲ್ಲಿ ಊರು.

ಈಗ ಲೆಕ್ಕಕ್ಕೆ ಬರೋಣ. ಹೊಸ ವರ್ಷದ ಪುಸ್ತಕ ತೆರೆದಾಗ ಮೊದಲು ಬರೆಯೋದೇನು? ಓಪನಿಂಗ್ ಬ್ಯಾಲೆನ್ಸ್. ಹಿಂದಿನ ವರ್ಷದ ಸಾಲ, ಬಾಕಿ, ನಷ್ಟ ಎಲ್ಲಾ ಅಲ್ಲಿ ಬರಬೇಕು. ಅದನ್ನ ಸೊನ್ನೆ ಅಂತ ಬರೆದು ಮುಂದೆ ಹೋದ್ರೆ, ಆಮೇಲೆ ಎಷ್ಟೇ ಸರಿಯಾಗಿ ಕೂಡಿದ್ರೂ ಬ್ಯಾಲೆನ್ಸ್ ಶೀಟ್ ತಾಳೆ ಆಗಲ್ಲ. ಇಂಥ ಊರುಗಳಿಗೆ ಬರೋ ಹೆಚ್ಚಿನ ಯೋಜನೆಗಳ ತೊಂದರೆ ಇದೇ ಅಂತ ನನ್ನ ಅಭಿಪ್ರಾಯ. ಎಲ್ಲರೂ ಸೊನ್ನೆಯಿಂದ ಶುರು ಮಾಡ್ತಾರೆ.

ಹಾಗಾದ್ರೆ ಇಲ್ಲಿನ ಓಪನಿಂಗ್ ಬ್ಯಾಲೆನ್ಸ್ ಏನು? ಮೊದಲು ಒಂದು ಕಡೆ ನೋಡಿ. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ ಆಯ್ತು, ಪೊಲೀಸರು ಸತ್ತರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬ್ ಸ್ಫೋಟದಲ್ಲಿ 22 ಜನ ಹೋದರು. 2002ರ ಆಗಸ್ಟ್‌ನಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ ಆಯ್ತು, ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು.

ಈಗ ಇನ್ನೊಂದು ಕಡೆ. ವೀರಪ್ಪನ್‌ಗೆ ಸಹಾಯ ಮಾಡಿದ್ರು ಅಂತ ಕಾಡಂಚಿನ ಹಳ್ಳಿಗಳ ಜನರನ್ನ, ಹೆಂಗಸರೂ ಸೇರಿ, ಟಾಡಾ ಕಾಯ್ದೆ ಕೆಳಗೆ ಜೈಲಿಗೆ ಹಾಕಿದ್ರು. ವರ್ಷಗಟ್ಟಲೆ ಒಳಗಿದ್ದು, 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯದ ತೀರ್ಪು ಬಂದಾಗ ಹೆಚ್ಚಿನವರು ನಿರ್ದೋಷಿಗಳಾಗಿ ಹೊರಗೆ ಬಂದರು. ಮಹದೇಶ್ವರ ಬೆಟ್ಟದಲ್ಲಿದ್ದ ಎಸ್‌ಟಿಎಫ್ ಕ್ಯಾಂಪಿನ ಒಂದು ಜಾಗಕ್ಕೆ 'ವರ್ಕ್‌ಶಾಪ್' ಅಂತ ಹೆಸರಿತ್ತು. ಅಲ್ಲಿ ಚಿತ್ರಹಿಂಸೆ ಕೊಟ್ಟರು ಅಂತ ಜನ ದೂರು ಕೊಟ್ಟಿದ್ದಾರೆ. ಆ ಕಾಲ ಕಂಡ ಹಿರಿಯರಿರೋ ಊರಿಗೆ ಹೋಗಿ 'ನಾಳೆ ಒಂದು ದಿನದ ವರ್ಕ್‌ಶಾಪ್ ಇದೆ, ಎಲ್ಲರೂ ಬನ್ನಿ' ಅಂತ ಬ್ಯಾನರ್ ಕಟ್ಟಿದ್ರೆ ಹೇಗಿರುತ್ತೆ, ಯೋಚನೆ ಮಾಡಿ. ಓಪನಿಂಗ್ ಬ್ಯಾಲೆನ್ಸ್ ಗೊತ್ತಿಲ್ಲದೆ ಕೆಲಸ ಮಾಡೋದು ಅಂದ್ರೆ ಇದು.

ಎರಡೂ ಕಡೆ ನೋವಿದೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣ ಆದಾಗ, ಅವರ ಬಿಡುಗಡೆಗೋಸ್ಕರ ಟಾಡಾ ಕೇಸುಗಳನ್ನ ವಾಪಸ್ ತಗೊಳ್ಳೋಕೆ ಸರ್ಕಾರ ಮುಂದಾಯ್ತು. ಅದನ್ನ ತಡೆಯಿರಿ ಅಂತ ಸುಪ್ರೀಂ ಕೋರ್ಟ್‌ಗೆ ಹೋದವರು ಎಸ್‌ಐ ಶಕೀಲ್ ಅಹ್ಮದ್ ಅವರ ತಂದೆ. ಕೋರ್ಟ್ ತಡೆಯಿತು. ಮಗನನ್ನ ಕಳೆದುಕೊಂಡ ಅಪ್ಪನ ನ್ಯಾಯ ಒಂದು. ತಪ್ಪೇ ಮಾಡದೆ ವರ್ಷಗಟ್ಟಲೆ ಜೈಲಲ್ಲಿದ್ದವರ ನ್ಯಾಯ ಇನ್ನೊಂದು. ಪುಸ್ತಕದಲ್ಲಿ ಎರಡೂ ಬರಬೇಕು. ಒಂದನ್ನ ಬರೆದು ಇನ್ನೊಂದನ್ನ ಬಿಟ್ರೆ ಊರು ಆ ಪುಸ್ತಕ ನಂಬಲ್ಲ.

ಹಾಗಂತ ಯಾರೂ ಬರೆಯೋ ಪ್ರಯತ್ನ ಮಾಡಿಲ್ಲ ಅಂತಲ್ಲ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಎರಡೂ ರಾಜ್ಯದ ಜನರ ದೂರು ಕೇಳಿ ಸಮಿತಿ 2003ರಲ್ಲಿ ವರದಿ ಕೊಟ್ಟಿತು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಅಂತ ಹೇಳಿತು. ಭಾಗಿಸಿ ನೋಡಿ, ಸರಾಸರಿ ಒಬ್ಬರಿಗೆ ಸುಮಾರು 3 ಲಕ್ಷ 15 ಸಾವಿರ. ಹೋದ ವಯಸ್ಸಿಗೆ, ಮುರಿದ ಮೈಗೆ ಇದು ಸಾಕಾ? ಅದು ಬೇರೆ ಮಾತು. ಸರ್ಕಾರಿ ಕಾಗದದಲ್ಲಿ 'ನಿಮಗೆ ಅನ್ಯಾಯ ಆಗಿದೆ' ಅಂತ ಒಂದು ಎಂಟ್ರಿ ಬಿತ್ತು, ಅದು ದೊಡ್ಡದು. ಪಟ್ಟಿಯಿಂದ ಹೊರಗೆ ಉಳಿದವರ ಬಾಕಿ ಮಾತ್ರ ಹಾಗೇ ಉಳಿಯಿತು.

ಸೋ, ಯಾವುದೇ ಯೋಜನೆ ಬಂದ್ರೂ ನನ್ನ ಮೊದಲ ಪ್ರಶ್ನೆ: ಈ ಊರಲ್ಲಿ ಯಾರು ಏನು ಕಳೆದುಕೊಂಡರು ಅನ್ನೋದು ವರದಿಯಲ್ಲಿ ಇದೆಯಾ?

ಎರಡನೇ ಪ್ರಶ್ನೆ: ಶುರು ಮಾಡಿದವರು ಹೋದ ಮೇಲೆ ನಡೆಸೋದು ಯಾರು?

ಇದಕ್ಕೆ ಗೋಪಿನಾಥಂ ಕಡೆ ಹೋಗೋಣ. ವೀರಪ್ಪನ್ ಹುಟ್ಟೂರು, ಹನೂರು ತಾಲ್ಲೂಕಿನ ತುದಿ. ಅಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಊರಿನವರ ಜೊತೆಗೇ ಇದ್ದು ಮನೆ, ಕುಡಿಯೋ ನೀರು, ಔಷಧಿ ವ್ಯವಸ್ಥೆ ಮಾಡಿದ್ರು. ಮಾರಿಯಮ್ಮನ ಗುಡಿ ಕಟ್ಟಿಸಿದ್ರು. ಗುಂಡಿನಿಂದ ಗೆಲ್ಲೋಕಾಗಲ್ಲ, ಜನರ ನಂಬಿಕೆ ಬೇಕು ಅನ್ನೋದು ಅವರ ದಾರಿ. 1991ರ ನವೆಂಬರ್ 10ರಂದು, ಶರಣಾಗ್ತೀನಿ ಅಂತ ಕರೆಸಿ, ನಿರಾಯುಧರಾಗಿ ಬಂದ ಅವರನ್ನ ವೀರಪ್ಪನ್ ಕೊಂದ. ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಬಂತು. ಊರವರು ಇವತ್ತಿಗೂ ಅವರನ್ನ ದೇವರ ಹಾಗೆ ನೆನೀತಾರೆ. ಆದ್ರೆ ಆ ಕೆಲಸದ ಪ್ರಾಣ ಒಬ್ಬ ಮನುಷ್ಯನಲ್ಲಿತ್ತು. ಅವರ ನಂತರ ಅದನ್ನ ಅದೇ ವೇಗದಲ್ಲಿ ಹೊತ್ತುಕೊಂಡು ಹೋಗೋ ಸಂಸ್ಥೆ ಅಲ್ಲಿ ಇರಲಿಲ್ಲ.

ಇದರ ಪಕ್ಕದಲ್ಲಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ಇಟ್ಟು ನೋಡಿ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ರು. ಆಸ್ಪತ್ರೆ, ಆಮೇಲೆ ಶಾಲೆ, ಆಮೇಲೆ ತರಬೇತಿ. ಸೋಲಿಗರ ಮಕ್ಕಳೇ ಓದಿ ಅಲ್ಲೇ ಆರೋಗ್ಯ ಕಾರ್ಯಕರ್ತರಾದರು, ಶಿಕ್ಷಕರಾದರು. ವೀರಪ್ಪನ್ ಕಾಲದ ಭಯದಲ್ಲೂ ಆ ಕೆಲಸ ನಿಲ್ಲಲಿಲ್ಲ. ವ್ಯಕ್ತಿ ದೊಡ್ಡವರೇ, ಆದ್ರೆ ಕೆಲಸ ಊರವರ ಕೈಗೆ ಹೋಯ್ತು. ಫೀಸಿಬಿಲಿಟಿ ಅಂದ್ರೆ ಇದನ್ನೇ ನೋಡಬೇಕು.

ಮೂರನೇ ಪ್ರಶ್ನೆ: ಜನರ ಕೈಲಿ ಹಕ್ಕುಪತ್ರ ಇದೆಯಾ?

ಬಿಆರ್‌ಟಿ ಕಾಡಲ್ಲಿ ಸೋಲಿಗರು ಜೇನು, ನೆಲ್ಲಿಕಾಯಿ, ಪಾಚಿ ತಂದು ಲ್ಯಾಂಪ್ಸ್ ಸೊಸೈಟಿಗೆ ಮಾರ್ತಿದ್ರು. ವನ್ಯಜೀವಿ ಕಾನೂನು ಬಿಗಿಯಾದ ಮೇಲೆ 2000ದ ದಶಕದ ಮಧ್ಯದಲ್ಲಿ ಅದಕ್ಕೆ ತಡೆ ಬಿತ್ತು. ಕಾಡಲ್ಲಿ ಕಳ್ಳನೂ ಇಲ್ಲ, ಎಸ್‌ಟಿಎಫ್ಫೂ ಇಲ್ಲ, ಆದ್ರೆ ಕಾಡಿನ ಆದಾಯವೂ ಇಲ್ಲ. ಈ ಸ್ಥಿತಿಯಲ್ಲಿ ಪೋಡಿಗೆ ಹೋಗಿ ಹೊಲಿಗೆ ಯಂತ್ರ ಹಂಚಿದ್ರೆ ಏನು ಪ್ರಯೋಜನ? ಸೋಲಿಗರು ಅರಣ್ಯ ಹಕ್ಕು ಕಾಯ್ದೆ ಹಿಡಿದು ಗ್ರಾಮಸಭೆಗಳ ಮೂಲಕ ಅರ್ಜಿ ಹಾಕಿದ್ರು. 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಅಂತ ಸುದ್ದಿ ಆಯ್ತು. ಹಕ್ಕುಪತ್ರ ಬಂದ ತಕ್ಷಣ ಜಗಳ ಎಲ್ಲಾ ಮುಗಿಯಲ್ಲ ನಿಜ, ಆದ್ರೆ ಜೇನಿನ ಘಟಕ ಮಾಡೋಣ ಅಂತ ಯಾರಾದ್ರೂ ಬಂದ್ರೆ ಈಗ ಮಾತಾಡೋಕೆ ನೆಲ ಇದೆ.

ನಾಲ್ಕನೇ ಪ್ರಶ್ನೆ, ನನಗೆ ಇಷ್ಟವಾದ್ದು: ಎರಡನೇ ವರ್ಷದ ಖರ್ಚು ಯಾರದ್ದು?

ಮಹದೇಶ್ವರ ಬೆಟ್ಟದ ಸುತ್ತ ಕಾಡೊಳಗಿನ ಹಳ್ಳಿಗಳಿಂದ ರೋಗಿಗಳನ್ನ ಡೋಲಿ ಕಟ್ಟಿ ಹೊತ್ತು ತಂದ ವಿಡಿಯೋ ನೀವು ನೋಡಿರ್ತೀರಿ. ಅಲ್ಲಿಗೆ ಒಂದು ಜೀಪ್ ಕೊಡೋಣ ಅಂದುಕೊಳ್ಳಿ. ಇದು ನಾನು ಉದಾಹರಣೆಗೆ ಹಾಕಿದ ಲೆಕ್ಕ: ಜೀಪ್ 10 ಲಕ್ಷ. ಡ್ರೈವರ್‌ಗೆ ತಿಂಗಳಿಗೆ 15 ಸಾವಿರ, ವರ್ಷಕ್ಕೆ 1 ಲಕ್ಷ 80 ಸಾವಿರ. ಡೀಸೆಲ್ ತಿಂಗಳಿಗೆ 20 ಸಾವಿರ, ವರ್ಷಕ್ಕೆ 2 ಲಕ್ಷ 40 ಸಾವಿರ. ರಿಪೇರಿ, ಇನ್ಶೂರೆನ್ಸ್ 80 ಸಾವಿರ. ಒಟ್ಟು ವರ್ಷಕ್ಕೆ 5 ಲಕ್ಷ. ಎರಡೇ ವರ್ಷಕ್ಕೆ ಇನ್ನೊಂದು ಜೀಪಿನ ದುಡ್ಡು! ಜೀಪ್ ಕೊಟ್ಟವರ ಹೆಸರು ಬಾಗಿಲ ಮೇಲಿರುತ್ತೆ, ಡೀಸೆಲ್ ಹಾಕಿಸೋರ ಹೆಸರು ಎಲ್ಲೂ ಇರಲ್ಲ. ರಸ್ತೆ, ಆಸ್ಪತ್ರೆ, ಶಾಲೆ ಎಲ್ಲದಕ್ಕೂ ಇದೇ ಲೆಕ್ಕ. ಕಟ್ಟಡಕ್ಕೆ ದುಡ್ಡು ಹುಟ್ಟುತ್ತೆ, ನರ್ಸ್ ಸಂಬಳಕ್ಕೆ ಹುಟ್ಟಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಸಿಗದೇ ಹೋದ್ರೆ ಏನಾಗುತ್ತೆ? 2024ರ ಏಪ್ರಿಲ್ 26, ಲೋಕಸಭಾ ಚುನಾವಣೆ. ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ, ಮೂಲಸೌಕರ್ಯ ಇಲ್ಲ ಅಂತ ಮತದಾನ ಬಹಿಷ್ಕಾರ, ಆಮೇಲೆ ಗಲಾಟೆ, ಮತಯಂತ್ರ ಧ್ವಂಸ. ಬಂಧನದ ಭಯಕ್ಕೆ ಅನೇಕರು ಊರು ಬಿಟ್ಟರು. 29ರಂದು ಮರುಮತದಾನ ಆದಾಗ ಬಂದವರು ತುಂಬಾ ಕಡಿಮೆ. ಮತಯಂತ್ರ ಒಡೆಯೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಖಾಕಿ ಕಂಡ್ರೆ ಊರು ಖಾಲಿ ಮಾಡೋದು ಈ ಭಾಗಕ್ಕೆ ಹೊಸದಲ್ಲ. ವೀರಪ್ಪನ್ ಸತ್ತು ಇಪ್ಪತ್ತು ವರ್ಷ ಆಗ್ತಾ ಬಂದಿದ್ರೂ ಆ ಅಭ್ಯಾಸ ಹೋಗಿರಲಿಲ್ಲ. ಇದೇ ಆ ಬರೆಯದೆ ಬಿಟ್ಟ ಬಾಕಿ.

ಒಂದು ವರ್ಷದ ನಂತರ, 2025ರ ಏಪ್ರಿಲ್ 24ರಂದು, ರಾಜ್ಯ ಸಚಿವ ಸಂಪುಟವೇ ಮಹದೇಶ್ವರ ಬೆಟ್ಟಕ್ಕೆ ಬಂದು ಸಭೆ ಮಾಡಿತು. ಕೋಟಿಗಟ್ಟಲೆ ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿತು. ಬಂದಿದ್ದು ಒಳ್ಳೇದೇ. ಇನ್ನು ಒಂದೊಂದು ಯೋಜನೆಗೂ ಈ ನಾಲ್ಕು ಪ್ರಶ್ನೆ ಹಾಕೋದು ನಮ್ಮ ಕೆಲಸ.

ಕೊನೆಗೆ ಟೂರಿಸಂ ಬಗ್ಗೆ ಒಂದು ಮಾತು, ಯಾಕಂದ್ರೆ ನಮ್ಮ ವಯಸ್ಸಿನವರು ಬೈಕ್ ಹತ್ತಿ ಹೋಗೋದೇ ಅದಕ್ಕೆ. ಗೋಪಿನಾಥಂನಲ್ಲಿ ಜಂಗಲ್ ಲಾಡ್ಜಸ್ ಕ್ಯಾಂಪ್ ಇದೆ. ವೀರಪ್ಪನ್ ಹೆಸರಿಗೆ ಜನ ಬರ್ತಾರೆ, ರೀಲ್ಸ್ ಮಾಡ್ತಾರೆ. ಮಾರ್ಕೆಟ್ ಇದೆ ಅನ್ನೋದರಲ್ಲಿ ಅನುಮಾನ ಇಲ್ಲ. ಆದ್ರೆ ಆ ಊರಿಂದ ಕೊಳ್ಳೇಗಾಲ ಸುಮಾರು ನೂರು ಕಿಲೋಮೀಟರ್, ಮೆಟ್ಟೂರು ಅದಕ್ಕಿಂತ ಹತ್ತಿರ. ನೀವು ಕೊಡೋ ನೂರು ರೂಪಾಯಿಯಲ್ಲಿ ಊರಲ್ಲಿ ಉಳಿಯೋದೆಷ್ಟು? ಊಟ ಅಲ್ಲಿನ ಮನೆಯದ್ದಾ? ಗೈಡ್ ಅಲ್ಲಿನ ಹುಡುಗನಾ? ಅವನ ಬಾಯಲ್ಲಿ ಬರೋ ಕಥೆಯಲ್ಲಿ ಮೀಸೆ ಮಾತ್ರ ಇದೆಯಾ, ಶ್ರೀನಿವಾಸ್ ಅವರೂ, ಜೈಲಿಗೆ ಹೋಗಿ ಬಂದ ಹೆಂಗಸರೂ ಇದ್ದಾರಾ? ಕಥೆಯೂ ಒಂದು ಆಸ್ತಿ. ಅದು ಯಾರ ಹೆಸರಲ್ಲಿ ಇದೆ ಅನ್ನೋದೂ ಲೆಕ್ಕಕ್ಕೆ ಸೇರಬೇಕು.

ನಿಮ್ಮೂರಿನ ಗ್ರಾಮಸಭೆ ಯಾವಾಗ ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ, ಹೋಗಿ. ಹೊಸ ಯೋಜನೆ ಓದಿದಾಗ ಎದ್ದು ನಿಂತು ಒಂದೇ ಒಂದು ಕೇಳಿ: 'ಸರ್, ಎರಡನೇ ವರ್ಷ ಇದಕ್ಕೆ ದುಡ್ಡು ಎಲ್ಲಿಂದ?' ಉತ್ತರ ಏನು ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಕೇಳಿಸ್ತೀನಿ.